ಕೇಳಿಯೂ ಕೇಳದ ತಂತಿ



ಈ ಸಲ ನಿಮಗೊಂದು ಸಣ್ಣ ಕೆಲಸ ಕೊಡುತ್ತಿದ್ದೇವೆ. 1981ರ 'ಗೀತಾ' ಸಿನಿಮಾ ನೆನಪಿದೆಯಲ್ಲ? ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ, ಇಳಯರಾಜಾ ಸಂಗೀತದ ಚಿತ್ರ. ಅದರ 'ಜೊತೆಯಲಿ' ಹಾಡನ್ನು ಮೊದಲು ನಿಮ್ಮ ಮೊಬೈಲಿನ ಸ್ಪೀಕರಿನಲ್ಲೇ ಕೇಳಿ. ಎಸ್.ಪಿ.ಬಿ., ಜಾನಕಿ ಇಬ್ಬರ ದನಿಯೂ ಚೆನ್ನಾಗಿ ಕೇಳುತ್ತದೆ. ಆಮೇಲೆ ಒಂದು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಇನ್ನೊಮ್ಮೆ ಕೇಳಿ. ಈ ಸಲ ದನಿಗಳ ಕಡೆ ಗಮನ ಬೇಡ. ಕೆಳಗೆ, ಬಹಳ ಕೆಳಗೆ, ಯಾರೋ ಒಬ್ಬರು ದಪ್ಪ ತಂತಿಯ ಮೇಲೆ ಹೆಜ್ಜೆ ಹಾಕುತ್ತಿದ್ದಾರೆ, ಕೇಳಿಸಿತೇ? ಅದೇ ಬೇಸ್ ಗಿಟಾರ್.

ನಲವತ್ತು ವರ್ಷಗಳಿಂದ ಈ ಹಾಡನ್ನು ಗುನುಗುತ್ತಿರುವ ನಮ್ಮಲ್ಲಿ ಎಷ್ಟು ಜನ ಆ ಹೆಜ್ಜೆಯನ್ನು ಗಮನಿಸಿದ್ದೇವೆ? ಬಹುಪಾಲು ಜನರ ಉತ್ತರ 'ಇಲ್ಲ' ಎಂದೇ. ಹಾಗೆಂದು ಅದನ್ನು ತೆಗೆದುಬಿಟ್ಟರೆ ಹಾಡು ಕುಂಟುತ್ತದೆ. ಏನು ಕಮ್ಮಿಯಾಯಿತು ಎಂದು ಹೇಳಲು ಬರುವುದಿಲ್ಲ, ಆದರೆ ಏನೋ ಕಮ್ಮಿ ಎಂದು ಕೂಡಲೇ ಗೊತ್ತಾಗುತ್ತದೆ.

ಬೇಸ್ ವಾದಕರ ಬದುಕೇ ಹಾಗೆ ಸ್ವಾಮಿ. ಇದ್ದಾಗ ಯಾರೂ ನೋಡುವುದಿಲ್ಲ, ಇಲ್ಲದಿದ್ದಾಗ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಉತ್ತರ ಕರ್ನಾಟಕದವರು 'ಬೇಸ್ ಐತ್ರಿ' ಎಂದರೆ 'ಚೆನ್ನಾಗಿದೆ' ಎಂದು ಅರ್ಥ. ಈ ಬೇಸ್‌ಗೂ ಆ ಬೇಸ್‌ಗೂ ಸಂಬಂಧವಿಲ್ಲ ನಿಜ, ಆದರೆ ಹಾಡು ಬೇಸ್ ಇರಬೇಕಾದರೆ ಬೇಸ್ ಇರಲೇಬೇಕು! ಚಾಕಣದ ಎಂಐಡಿಸಿಯಲ್ಲಿ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ನಮ್ಮನ್ನು ಕೇಳುವ ನಿಮಗೆ ಈ ಕಥೆ ಇನ್ನೂ ಹತ್ತಿರದ್ದು. ಯಾಕೆ ಅಂತೀರಾ? ಓದುತ್ತಾ ಹೋಗಿ.

ಎಷ್ಟು ಕೆಳಗೆ?

ಮೊದಲು ಸ್ವಲ್ಪ ಲೆಕ್ಕ. ಸಾಮಾನ್ಯ ಗಿಟಾರಿಗೆ ಆರು ತಂತಿ, ಬೇಸ್ ಗಿಟಾರಿಗೆ ನಾಲ್ಕು. ಅವುಗಳ ಹೆಸರು ಇ, ಎ, ಡಿ, ಜಿ. ಅತಿ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ, ಎ 55 ಸಲ, ಡಿ 73 ಸಲ, ಜಿ 98 ಸಲ. ಮನುಷ್ಯನ ಕಿವಿಗೆ ಕೇಳುವುದೇ ಸುಮಾರು 20ರಿಂದ ಮೇಲೆ. ಅಂದರೆ ಬೇಸ್ ವಾದಕ ಕೆಲಸ ಮಾಡುವುದು ನಮ್ಮ ಕಿವಿಯ ನೆಲಮಹಡಿಯಲ್ಲಿ.

ಇಷ್ಟು ನಿಧಾನವಾಗಿ ಅದುರಬೇಕಾದರೆ ತಂತಿ ಭಾರ ಇರಬೇಕು, ಉದ್ದವೂ ಇರಬೇಕು. ಅದಕ್ಕೇ ಉಕ್ಕಿನ ಎಳೆಯ ಮೇಲೆ ಇನ್ನೊಂದು ಲೋಹದ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಇಂಥ ತಂತಿ ಅದುರಿದಾಗ ಅದನ್ನು ನಮ್ಮವರೆಗೆ ತಲುಪಿಸಲು ದೊಡ್ಡ ಸ್ಪೀಕರ್ ಬೇಕು, ಯಾಕೆಂದರೆ ಕೆಳಸ್ವರಕ್ಕೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಅಂಗೈಯಗಲದ ಟ್ರಾನ್ಸಿಸ್ಟರಿನ ಸ್ಪೀಕರಿಗೆ ಅದು ಆಗದ ಮಾತು. ಧಾರವಾಡ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳುತ್ತಾ ಬೆಳೆದವರು ಬೇಸ್ ಗಿಟಾರನ್ನು ಗಮನಿಸಲಿಲ್ಲವೆಂದರೆ ಅದು ಅವರ ಕಿವಿಯ ತಪ್ಪಲ್ಲ.

ಆದರೆ ಇಲ್ಲೊಂದು ಸೋಜಿಗವಿದೆ. ಸಣ್ಣ ಸ್ಪೀಕರಿನಲ್ಲಿ 41ರ ಸ್ವರ ಹೊರಗೇ ಬರದಿದ್ದರೂ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ಅನುಸ್ವರಗಳು ಅಷ್ಟಿಷ್ಟು ಬರುತ್ತವೆ. ಅವುಗಳ ನಡುವಿನ ಅಂತರ ನೋಡಿ ನಮ್ಮ ಮಿದುಳು ಬಾರದ ಸ್ವರವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಕಣ್ಣಿಗೆ ಕಾಣದವರು ಮನೆ ನಡೆಸುತ್ತಿದ್ದಾರೆ ಎಂದು ಹೊಸ್ತಿಲಲ್ಲೇ ಗೊತ್ತಾಗುವ ಹಾಗೆ!

ಇನ್ನು ಎಫ್‌ಎಂ ವಿಷಯ. ಮೀಡಿಯಂ ವೇವ್‌ನಲ್ಲಿ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ 9 ಕಿಲೋಹರ್ಟ್ಸ್ ಜಾಗ ಮಾತ್ರ, ಹಾಗಾಗಿ ಸದ್ದು ಇಕ್ಕಟ್ಟು. ಎಫ್‌ಎಂ 15 ಸಾವಿರ ಹರ್ಟ್ಸ್‌ವರೆಗೂ ಕೊಂಡೊಯ್ಯುತ್ತದೆ, ಗೊರಗೊರ ಸದ್ದೂ ಕಮ್ಮಿ. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಯಿತು. ಕಾರಿನ ಬಾಗಿಲಲ್ಲಿ ಕೂತ ದೊಡ್ಡ ಸ್ಪೀಕರುಗಳೂ ಜೊತೆಗೂಡಿದವು. ಹಳೆಯ ಕನ್ನಡ ಹಾಡುಗಳ ಒಳಗೆ ಇಪ್ಪತ್ತು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ ಬೇಸ್ ಎಷ್ಟೋ ಜನರಿಗೆ ಕೇಳಿದ್ದು ಆಗಲೇ.

ತಂಬೂರಿಯ ನಾಲ್ಕನೇ ತಂತಿ

'ಇದೆಲ್ಲ ಪರದೇಶದ ಸರಕು, ನಮಗೇಕೆ?' ಎಂದು ಕೇಳುವ ಹಿರಿಯರಿಗೆ ಒಂದು ಮಾತು. ಕೆಳಗಿನ ತಂತಿಯ ಬೆಲೆ ನಮಗೆ ಮೊದಲಿನಿಂದ ಗೊತ್ತು.

ಗದಗಿನಿಂದ ಬಂದು ಪುಣೆಯನ್ನು ಮನೆ ಮಾಡಿಕೊಂಡ ಪಂಡಿತ್ ಭೀಮಸೇನ ಜೋಶಿಯವರನ್ನು ನೆನೆಸಿಕೊಳ್ಳಿ. ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಅವರು ಪುಣೆಯಲ್ಲಿ ಶುರು ಮಾಡಿದ ಉತ್ಸವಕ್ಕೆ ನಿಮ್ಮಲ್ಲಿ ಎಷ್ಟೋ ಜನ ಹೋಗಿದ್ದೀರಿ. ವೇದಿಕೆಯಲ್ಲಿ ಪಂಡಿತರ ಹಿಂದೆ ಎರಡು ತಂಬೂರಿ. ತಂಬೂರಿಯ ನಾಲ್ಕನೇ ತಂತಿಗೆ ಖರಜ ಎನ್ನುತ್ತಾರೆ, ಅದು ಮಂದ್ರ ಷಡ್ಜ. ಗಾಯಕ ಹಾರ್ಮೋನಿಯಂನ ಮೊದಲ ಕರಿ ಮನೆಗೆ ಷಡ್ಜ ಇಟ್ಟುಕೊಂಡರೆ ಅವರ ಖರಜ ಸೆಕೆಂಡಿಗೆ ಸುಮಾರು 69 ಸಲ ಅದುರುತ್ತದೆ. ಬೇಸ್ ಗಿಟಾರಿನಲ್ಲಿ ಇದೇ ಸ್ವರ ಎಲ್ಲಿದೆ ಗೊತ್ತೇ? ಎ ತಂತಿಯ ನಾಲ್ಕನೇ ಮೆಟ್ಟಿಲಿನಲ್ಲಿ. ಮಿರಜಿನ ಕುಶಲಕರ್ಮಿ ಸೋರೆಬುರುಡೆಯಲ್ಲಿ ತೆಗೆದ ಸ್ವರವನ್ನೇ ಅಮೆರಿಕದವನು ಮರದ ಹಲಗೆಯಲ್ಲಿ ತೆಗೆದ. (ಆ ಮಿರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.)

ಒಂದೇ ವ್ಯತ್ಯಾಸ. ತಂಬೂರಿ ನಿಂತಲ್ಲೇ ನಿಲ್ಲುತ್ತದೆ, ಬೇಸ್ ನಡೆಯುತ್ತದೆ. ಹಾಡಿನ ಸ್ವರಮೇಳ ಬದಲಾದಂತೆ ಕೆಳಗಿನ ನೆಲವನ್ನೇ ಬದಲಿಸುತ್ತಾ, ಜೊತೆಗೆ ಡ್ರಮ್ಮಿನ ತಾಳವನ್ನೂ ಹಿಡಿಯುತ್ತದೆ. ತಂಬೂರಿ ಮತ್ತು ತಬಲಾದ ಡಗ್ಗಾ, ಎರಡೂ ಕೆಲಸವನ್ನು ಒಬ್ಬನೇ ಮಾಡಿದ ಹಾಗೆ. ಇನ್ನೊಂದು ಸಾಮ್ಯವೂ ಇದೆ, ಸ್ವಲ್ಪ ನೋವಿನದು. ಆ ಎರಡು ತಂಬೂರಿ ಮೀಟುತ್ತಿದ್ದವರ ಹೆಸರು ನಮಗೆಷ್ಟು ನೆನಪಿದೆ?

ರೇಡಿಯೋ ರಿಪೇರಿಯವನ ಐಡಿಯಾ

ಬೇಸ್ ಗಿಟಾರ್ ಬರುವ ಮೊದಲು ಈ ಕೆಲಸ ಮಾಡುತ್ತಿದ್ದದ್ದು ಡಬಲ್ ಬೇಸ್. ಆರಡಿ ಎತ್ತರದ ಪಿಟೀಲು ಎಂದುಕೊಳ್ಳಿ. ನಿಂತು ನುಡಿಸಬೇಕು, ಬಸ್ಸಿನಲ್ಲಿ ಹಿಡಿಸದು, ಬ್ಯಾಂಡಿನ ಅಬ್ಬರದಲ್ಲಿ ಕೇಳಿಸದು. 1930ರ ದಶಕದಲ್ಲೇ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಎಂಬುವವರು ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಮಾಡಿ ಮಾರಿದ್ದರು. ಜನ ಕೈಹಿಡಿಯಲಿಲ್ಲ.

ಕೈಹಿಡಿದದ್ದು 1951ರಲ್ಲಿ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ಎಂಬುವವರು 1938ರಿಂದ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಹೌದು, ನಮ್ಮದೇ ರೇಡಿಯೋ! ಸಂಗೀತಗಾರರು ಕೆಟ್ಟ ಆಂಪ್ಲಿಫೈಯರ್ ತಂದುಕೊಡುತ್ತಿದ್ದರು, ಇವರು ಸರಿ ಮಾಡಿಕೊಡುತ್ತಿದ್ದರು. ಹಾಗೇ ಗಿಟಾರ್ ಮಾಡುವುದಕ್ಕೂ ಇಳಿದರು. ತಮಾಷೆ ಎಂದರೆ ಫೆಂಡರ್‌ಗೆ ಗಿಟಾರ್ ನುಡಿಸಲು ಕೊನೆಯವರೆಗೂ ಬರುತ್ತಿರಲಿಲ್ಲ. ಅವರ ಹೊಸ ವಾದ್ಯದ ಕುತ್ತಿಗೆಯ ಮೇಲೆ ಲೋಹದ ಮೆಟ್ಟಿಲುಗಳಿದ್ದವು. ಬೆರಳು ಅಷ್ಟಿಷ್ಟು ಆಚೀಚೆಯಾದರೂ ಸ್ವರ ಕರಾರುವಾಕ್ಕಾಗಿ ಬರುತ್ತದೆ. ಅದಕ್ಕೇ ಹೆಸರು ಪ್ರಿಸಿಷನ್ ಬೇಸ್. ತಂತಿಯ ಅದುರುವ ಉದ್ದ 34 ಇಂಚು. ಇವತ್ತಿಗೂ ಜಗತ್ತಿನ ಬಹುತೇಕ ಬೇಸ್ ಗಿಟಾರುಗಳ ಅಳತೆ ಅದೇ. ಮರುವರ್ಷವೇ ಅದಕ್ಕೆಂದೇ ಬೇಸ್‌ಮ್ಯಾನ್ ಎಂಬ ಆಂಪ್ಲಿಫೈಯರ್ ಬಂತು, ಒಳಗೆ 15 ಇಂಚಿನ ಒಂದು ಸ್ಪೀಕರ್.

ಈಗ ಚಾಕಣದ ಗೆಳೆಯರು ಸ್ವಲ್ಪ ಕಿವಿಗೊಡಬೇಕು. ಈ ವಾದ್ಯದ ಜೀವ ಇರುವುದು ತಂತಿಗಳ ಕೆಳಗೆ ಕೂತ ಪಿಕಪ್ಪಿನಲ್ಲಿ. ಅದರೊಳಗೆ ಏನಿದೆ? ಒಂದಿಷ್ಟು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯ ತಾಮ್ರದ ತಂತಿ ಸಾವಿರಾರು ಸುತ್ತು. ಅಷ್ಟೇ. ಮೇಲೆ ಉಕ್ಕಿನ ತಂತಿ ಅದುರಿದರೆ ಅಯಸ್ಕಾಂತದ ಬಲರೇಖೆಗಳು ಅಲುಗುತ್ತವೆ, ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಕಾರಿನ ಕ್ರ್ಯಾಂಕ್ ಸೆನ್ಸರ್, ಹಳೆಯ ಮಾದರಿಯ ಎಬಿಎಸ್ ಚಕ್ರ ಸೆನ್ಸರ್ ಇವುಗಳನ್ನು ಬಿಚ್ಚಿ ನೋಡಿದವರಿಗೆ ಹೇಳಬೇಕಾಗಿಲ್ಲ. ಅಲ್ಲೂ ಅಯಸ್ಕಾಂತ, ಅಲ್ಲೂ ಸುರುಳಿ, ತಂತಿಯ ಬದಲು ತಿರುಗುವ ಹಲ್ಲುಚಕ್ರ. 1831ರಲ್ಲಿ ಫ್ಯಾರಡೇ ಕಂಡುಕೊಂಡ ಒಂದೇ ನಿಯಮ. ಒಂದು ಕಡೆ ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ಹೇಳುತ್ತದೆ, ಇನ್ನೊಂದು ಕಡೆ ಹಾಡು ಎಲ್ಲಿ ನಿಂತಿದೆ ಎಂದು ಹೇಳುತ್ತದೆ.

ಡೆಟ್ರಾಯ್ಟಿನ ಗ್ಯಾರೇಜಿನಲ್ಲಿ

ಚಾಕಣವನ್ನು ಪತ್ರಿಕೆಗಳು ಆಗಾಗ 'ಭಾರತದ ಡೆಟ್ರಾಯ್ಟ್' ಎನ್ನುತ್ತವೆ. ಚೆನ್ನೈನವರೂ ಅದೇ ಬಿರುದು ತಮ್ಮದೆನ್ನುತ್ತಾರೆ, ಆ ಜಗಳ ಇರಲಿ. ನಿಜವಾದ ಡೆಟ್ರಾಯ್ಟಿಗೆ ಹೋಗೋಣ ಬನ್ನಿ. ಬೇಸ್ ವಾದಕನೊಬ್ಬನ ಬದುಕು ಹೇಗಿರುತ್ತದೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಬೆರಿ ಗಾರ್ಡಿ ಎಂಬ ಯುವಕ 1950ರ ದಶಕದಲ್ಲಿ ಅಲ್ಲಿನ ಲಿಂಕನ್-ಮರ್ಕ್ಯುರಿ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ದುಡಿಯುತ್ತಿದ್ದರು. ಒಂದು ಕಡೆಯಿಂದ ಬರಿ ಚೌಕಟ್ಟು ಬರುತ್ತದೆ, ಇನ್ನೊಂದು ಕಡೆಯಿಂದ ಹೊಳೆಯುವ ಕಾರು ಹೋಗುತ್ತದೆ. ಹಾಡುಗಳನ್ನೂ ಹೀಗೇ ಮಾಡಿದರೆ? 1959ರಲ್ಲಿ ಅವರು ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿ ಶುರು ಮಾಡಿದರು. ಒಂದು ಮನೆಯ ಗ್ಯಾರೇಜೇ ಸ್ಟುಡಿಯೋ. ಕಾರಿನ ರೇಡಿಯೋದಲ್ಲಿ ಹಾಡು ಹೇಗೆ ಕೇಳುತ್ತದೆ ಎಂದು ಸಣ್ಣ ಸ್ಪೀಕರಿನಲ್ಲಿ ಹಾಕಿ ಪರೀಕ್ಷಿಸುತ್ತಿದ್ದರು. ಪಕ್ಕಾ ಕ್ವಾಲಿಟಿ ಕಂಟ್ರೋಲ್!

ಈ ಲೈನಿನಲ್ಲಿ ಬೇಸ್ ಹಿಡಿದು ಕೂತವರು ಜೇಮ್ಸ್ ಜೇಮರ್ಸನ್. 1936ರಲ್ಲಿ ದಕ್ಷಿಣ ಕೆರೊಲಿನಾದ ಕಡಲ ತಡಿಯಲ್ಲಿ ಹುಟ್ಟಿ, 1954ರಲ್ಲಿ ತಾಯಿಯೊಂದಿಗೆ ಡೆಟ್ರಾಯ್ಟಿಗೆ ಬಂದ ಹುಡುಗ. ಶಾಲೆಯಲ್ಲಿ ಡಬಲ್ ಬೇಸ್ ಕಲಿತದ್ದು. ಹಗಲು ಸ್ಟುಡಿಯೋ, ರಾತ್ರಿ ಕ್ಲಬ್ಬು. 1964ರಲ್ಲಿ ಮುದ್ರಣವಾದ ಟೆಂಪ್ಟೇಷನ್ಸ್ ಗುಂಪಿನ 'ಮೈ ಗರ್ಲ್' ಹಾಡು ಶುರುವಾಗುವುದೇ ಅವರ ಬೇಸ್‌ನಿಂದ. ಕೆಳಗಿನ ಸ್ವರವನ್ನು ಸುಮ್ಮನೆ ಹಿಡಿದು ನಿಲ್ಲುವುದನ್ನು ಬಿಟ್ಟು, ಹಾಡಿನೊಳಗೇ ಇನ್ನೊಂದು ಹಾಡು ಹಾಡುವುದನ್ನು ಜಗತ್ತಿಗೆ ಕಲಿಸಿದವರು ಇವರು.

ಸಲಕರಣೆ ಕೇಳಿದರೆ ನಗು ಬರಬೇಕು. ಇವತ್ತು ಹುಡುಗರು ಹತ್ತು ಪೆಡಲ್ಲು, ಐದು ಗಿಟಾರು ಇಟ್ಟುಕೊಳ್ಳುತ್ತಾರೆ. ಜೇಮರ್ಸನ್ ಬಳಿ ಇದ್ದದ್ದು 1962ರ ಒಂದು ಪ್ರಿಸಿಷನ್ ಬೇಸ್. ದಪ್ಪನೆಯ, ಮೇಲ್ಮೈ ಚಪ್ಪಟೆಯಾದ ತಂತಿ. ಅದನ್ನು ಬದಲಿಸುವ ಗೋಜಿಗೇ ಅವರು ಹೋಗುತ್ತಿರಲಿಲ್ಲ, ಕೊಳೆ ಕೂತಷ್ಟೂ ನಾದ ಚೆನ್ನ ಎಂಬುದು ಅವರ ನಂಬಿಕೆ. ತಂತಿ ಕುತ್ತಿಗೆಯಿಂದ ಬಹಳ ಎತ್ತರದಲ್ಲಿರುತ್ತಿತ್ತು, ಬೇರೆಯವರು ಒತ್ತಲು ಹೋದರೆ ಬೆರಳು ಸೋಲಬೇಕು. ಸೇತುವೆಯ ಬಳಿ ಮುಚ್ಚಳದ ಕೆಳಗೆ ಒಂದು ತುಂಡು ಸ್ಪಂಜು, ನಾದ ಬೇಗ ಆರಲಿ ಎಂದು. ಸ್ಟುಡಿಯೋದಲ್ಲಿ ಆಂಪ್ಲಿಫೈಯರ್ ಇಲ್ಲದೆ ನೇರವಾಗಿ ಧ್ವನಿಮುದ್ರಣ ಯಂತ್ರಕ್ಕೇ ವೈರು, ಕ್ಲಬ್ಬಿನಲ್ಲಿ ಆಂಪೆಗ್ ಬಿ-15. ಬಲಗೈಯಲ್ಲಿ ನುಡಿಸಿದ್ದು ಹೆಚ್ಚಾಗಿ ತೋರುಬೆರಳು ಒಂದರಿಂದಲೇ. ಆ ಬೆರಳಿಗೆ ಗೆಳೆಯರು ಇಟ್ಟ ಹೆಸರು 'ಕೊಕ್ಕೆ'.

ಹಾಡುಗಳು ಲಕ್ಷಗಟ್ಟಲೆ ಮಾರಾಟವಾದವು. ರೆಕಾರ್ಡಿನ ಮೇಲೆ ಹಾಡುಗಾರರ ಚಿತ್ರ, ಕಂಪನಿಯ ಹೆಸರು. ಜೇಮರ್ಸನ್ ಹೆಸರು ಎಲ್ಲಿ? ಎಲ್ಲೂ ಇಲ್ಲ. ಮೋಟೌನ್ ತನ್ನ ವಾದ್ಯಗಾರರ ಹೆಸರನ್ನು ಆಲ್ಬಂ ಮೇಲೆ ಅಚ್ಚು ಹಾಕಿದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ. ಅದರಲ್ಲಿ ಜೇಮರ್ಸನ್ ಹೆಸರಿನ ಹಿಂದೆ ಒಂದು ಹೊಗಳಿಕೆಯ ಮಾತೂ ಇತ್ತು. ಹನ್ನೆರಡು ವರ್ಷದ ದುಡಿಮೆಗೆ ಮೊದಲ ಸಹಿ.

ಮರುವರ್ಷ, 1972ರಲ್ಲಿ, ಕಂಪನಿ ಡೆಟ್ರಾಯ್ಟ್ ಬಿಟ್ಟು ಲಾಸ್ ಏಂಜಲೀಸಿಗೆ ಹೋಯಿತು. ಗ್ಯಾರೇಜಿನ ವಾದ್ಯಗಾರರ ಕೆಲಸ ಹೋಯಿತು. ಜೇಮರ್ಸನ್ ಹಿಂದೆಯೇ ಹೋದರು, ಆದರೆ ಆ ಊರು ಅವರಿಗೆ ಒಗ್ಗಲಿಲ್ಲ. ಕುಡಿತ ಹೆಚ್ಚಾಯಿತು. 1983ರಲ್ಲಿ ಮೋಟೌನ್‌ನ 25ನೇ ವರ್ಷದ ದೊಡ್ಡ ಸಮಾರಂಭ ನಡೆದಾಗ ಅವರು ಕೂತದ್ದು ವೇದಿಕೆಯ ಮೇಲಲ್ಲ, ಪ್ರೇಕ್ಷಕರ ಸಾಲಿನಲ್ಲಿ. ಅದೇ ಆಗಸ್ಟ್ 2ರಂದು ತೀರಿಕೊಂಡರು, ವಯಸ್ಸು 47. ಅದಕ್ಕೆ ಕೆಲವೇ ದಿನ ಮೊದಲು ಅವರ 1962ರ ಬೇಸ್ ಕಳುವಾಯಿತು. ಅದು ಮತ್ತೆ ಸಿಗಲಿಲ್ಲ. ರಾಕ್ ಸಂಗೀತದ ಗೌರವ ಪಟ್ಟಿಗೆ ಅವರನ್ನು ಸೇರಿಸಿದ್ದು 2000ದಲ್ಲಿ.

2020ರ ಡಿಸೆಂಬರಿನಲ್ಲಿ ಇದೇ ಡೆಟ್ರಾಯ್ಟ್ ಮೂಲದ ಜನರಲ್ ಮೋಟರ್ಸ್ ಇಲ್ಲೇ ಪಕ್ಕದ ತಳೇಗಾಂವ್‌ನಲ್ಲಿ ತಯಾರಿಕೆ ನಿಲ್ಲಿಸಿದ್ದನ್ನು ನೋಡಿದ ನಿಮಗೆ ಈ ಕಥೆಗೆ ವಿವರಣೆ ಬೇಡ. ಕಾರಿನ ಮೇಲೆ ಕಂಪನಿಯ ಹೆಸರಿರುತ್ತದೆ. ಬೋಲ್ಟು ಬಿಗಿದವರ ಹೆಸರು ಇರುವುದಿಲ್ಲ.

ಪಿಟೀಲಿನಂಥ ಗಿಟಾರು

ರಾಕ್ ಬ್ಯಾಂಡಿನ ಬೇಸ್ ವಾದಕ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ. ಅವರೂ ಬೇಸ್ ಹಿಡಿದದ್ದು ಆಸೆಪಟ್ಟಲ್ಲ. 1961ರಲ್ಲಿ ಬ್ಯಾಂಡಿನ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಬಿಟ್ಟು ಹೋದರು. ಉಳಿದ ಯಾರಿಗೂ ಆ ಕೆಲಸ ಬೇಡ. ಕೊನೆಗೆ ಪಾಲ್ ಹೆಗಲಿಗೆ ಬಿತ್ತು! ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಹಾಫ್ನರ್ ಕಂಪನಿಯ ಪಿಟೀಲಿನ ಆಕಾರದ ಬೇಸ್ ಕೊಂಡರು. ಫೆಂಡರ್ ಕೊಳ್ಳುವಷ್ಟು ಹಣವಿರಲಿಲ್ಲ. ಅವರು ಎಡಚರು, ಎರಡೂ ಕಡೆ ಒಂದೇ ತರಹ ಇರುವ ಪಿಟೀಲಿನ ಆಕಾರ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದು. ಒಳಗೆ ಟೊಳ್ಳು, ಹಾಗಾಗಿ ಹಗುರ. ತಂತಿಯ ಉದ್ದ 30 ಇಂಚು ಮಾತ್ರ, ಬೆರಳು ಸಲೀಸಾಗಿ ಓಡುತ್ತದೆ. ಆಮೇಲೆ ಅವರು ಯಾರಿಂದ ಕಲಿತರು ಗೊತ್ತೇ? ಡೆಟ್ರಾಯ್ಟಿನ ಆ ಹೆಸರಿಲ್ಲದ ಬೇಸ್ ವಾದಕನಿಂದ, ರೆಕಾರ್ಡು ಕೇಳಿ ಕೇಳಿ. ಜೇಮರ್ಸನ್ ಪ್ರಭಾವವನ್ನು ಪಾಲ್ ಎಷ್ಟೋ ಸಲ ಬಾಯಿಬಿಟ್ಟು ಹೇಳಿದ್ದಾರೆ.

ಆ ಮೊದಲ ಹಾಫ್ನರ್ ಕೂಡ ಕಳುವಾಯಿತು, 1972ರ ಅಕ್ಟೋಬರಿನಲ್ಲಿ, ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ. ಅದಕ್ಕಾಗಿ ಒಂದು ತಂಡವೇ ಹುಡುಕಾಟಕ್ಕಿಳಿಯಿತು. ಕೊನೆಗೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಮನೆಯೊಂದರ ಅಟ್ಟದಲ್ಲಿ ಸಿಕ್ಕಿತು. ಅದು ಯಜಮಾನರ ಕೈಗೆ ಮರಳಿದ ಸುದ್ದಿಯನ್ನು ಜಗತ್ತು ಓದಿದ್ದು 2024ರ ಫೆಬ್ರವರಿಯಲ್ಲಿ. ಐವತ್ತೊಂದು ವರ್ಷದ ಮೇಲೆ!

ಎರಡು ಬೇಸ್, ಎರಡೂ ಕಳುವು. ಹೆಸರಿದ್ದವರ ವಾದ್ಯವನ್ನು ಅರ್ಧ ಶತಮಾನದ ನಂತರವೂ ಹುಡುಕುವವರು ಇದ್ದರು. ಹೆಸರು ಸಿಗದವರ ವಾದ್ಯ ಹೋದದ್ದು ಹೋದಂತೆಯೇ.

ಮದರಾಸಿನ ಸ್ಟುಡಿಯೋ, ಕನ್ನಡದ ಹಾಡು

ಈಗ ನಮ್ಮ ಕಡೆ ಬರೋಣ. ನಮ್ಮ ಕನ್ನಡ ಸಿನಿಮಾ ಹಾಡುಗಳು ಬಹುಕಾಲ ಧ್ವನಿಮುದ್ರಣವಾದದ್ದು ಮದರಾಸಿನಲ್ಲಿ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಚಿತ್ರಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತಾ, ಸಹಾಯಕರಾಗಿ ದುಡಿದ ಒಬ್ಬ ಯುವಕ ಇದ್ದರು. ಅವರೇ ಇಳಯರಾಜಾ. 1976ರ ತಮಿಳು ಚಿತ್ರ 'ಅನ್ನಕ್ಕಿಳಿ'ಯಿಂದ ಸ್ವತಂತ್ರರಾದ ಅವರು ಕಲಿತ ಪಾಠದ ದೊಡ್ಡ ಪಾಲು ಕನ್ನಡ ಹಾಡುಗಳ ಅಂಗಳದ್ದು.

ಇಳಯರಾಜಾ ಕೆಲಸದ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದು. ಹಾಡಿನ ಪ್ರತಿಯೊಂದು ವಾದ್ಯದ ಸ್ವರವನ್ನೂ ಕೈಯಿಂದಲೇ ಬರೆಯುತ್ತಾರೆ. ವಾದ್ಯಗಾರರು ಬಂದು ತಮ್ಮ ತಮ್ಮ ಭಾಗವನ್ನು ನಕಲು ಮಾಡಿಕೊಂಡು ನುಡಿಸುತ್ತಾರೆ. ಬೇಸ್‌ಗೂ ಅವರು ತನ್ನದೇ ಆದ ಒಂದು ರಾಗ ಬರೆದುಕೊಟ್ಟರು. ಅದು ಮೇಲಿನ ಹಾಡಿನ ನೆರಳಲ್ಲ, ಅದಕ್ಕೆ ಮಾತಿಗೆ ಮಾತು ಕೊಡುವ ಜೊತೆಗಾರ. 'ಗೀತಾ' ಹಾಡುಗಳಲ್ಲಿ, ಎರಡು ವರ್ಷದ ನಂತರ ಬಂದ ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ'ಯಲ್ಲಿ ಅದನ್ನು ಹುಡುಕಿ ಕೇಳಿ. 'ಜೊತೆಯಲಿ' ರಾಗ 2007ರಲ್ಲಿ ಹಿಂದಿಯ 'ಚೀನಿ ಕಮ್' ಚಿತ್ರದಲ್ಲೂ ಬಂತು, ನಿಮ್ಮ ಮರಾಠಿ ಗೆಳೆಯರಿಗೂ ಅದು ಗೊತ್ತು.

ಇಳಯರಾಜಾ ಅವರಿಗೆ ದಶಕಗಳ ಕಾಲ ಬೇಸ್ ನುಡಿಸಿದವರಲ್ಲಿ ಪ್ರಮುಖರು ಶಶಿಧರನ್. ಈ ಹೆಸರನ್ನು ನೀವು ಕೇಳಿದ್ದೀರಾ? ನಮ್ಮ ಮನೆಗಳಲ್ಲಿದ್ದ ಕ್ಯಾಸೆಟ್‌ಗಳ ಹೊದಿಕೆ ತೆಗೆದು ನೋಡಿ. ಚಿತ್ರದ ಹೆಸರು, ಸಂಗೀತ, ಸಾಹಿತ್ಯ, ಗಾಯಕರು, ಬೆಲೆ, ಎಲ್ಲ ಇದೆ. ವಾದ್ಯಗಾರರ ಸಾಲು ಮಾತ್ರ ಇಲ್ಲ. ಡೆಟ್ರಾಯ್ಟ್ ತನ್ನ ತಪ್ಪನ್ನು 1971ರಲ್ಲಿ ತಿದ್ದಿಕೊಳ್ಳಲು ಶುರು ಮಾಡಿತು. ನಮ್ಮ ಕ್ಯಾಸೆಟ್ಟುಗಳು ಬಂದು, ಓಡಿ, ನಿಂತೂ ಹೋದವು, ಆ ಸಾಲು ಬರಲಿಲ್ಲ. ಹಾಗಾಗಿ ಇಂಥ ಹಾಡಿಗೆ ಬೇಸ್ ನುಡಿಸಿದವರು ಇಂಥವರೇ ಎಂದು ಇವತ್ತು ಕೈಯಿಟ್ಟು ತೋರಿಸುವುದು ಕಷ್ಟ. ಆ ಸ್ಟುಡಿಯೋದಲ್ಲಿದ್ದವರು ಒಬ್ಬೊಬ್ಬರಾಗಿ ಹೋದಂತೆ ಅದು ಇನ್ನೂ ಕಷ್ಟವಾಗುತ್ತಿದೆ.

ವೇದಿಕೆಗೆ ಬಂದವರು

ಬ್ಯಾಂಡುಗಳು ಬಂದ ಮೇಲೆ ಪರಿಸ್ಥಿತಿ ಸ್ವಲ್ಪ ಬದಲಾಯಿತು. ಬ್ಯಾಂಡಿನಲ್ಲಿ ನಾಲ್ಕೈದು ಜನ, ಎಲ್ಲರೂ ವೇದಿಕೆಯ ಮೇಲೆ, ಎಲ್ಲರ ಹೆಸರೂ ಸಿ.ಡಿ. ಮೇಲೆ.

ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಶಿಶುನಾಳ ಶರೀಫರ ಪದಗಳು ಗಿಟಾರು, ಡ್ರಮ್ಮುಗಳ ಜೊತೆ ಹೊಸ ಹುಡುಗರ ಬಾಯಿಗೆ ಬಂದವು. 2011ರಲ್ಲಿ ಈ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು, ಲುಂಗಿ ಗೆಜ್ಜೆ ಸಮೇತ! ಆ ವರ್ಷಗಳಲ್ಲಿ ತಂಡದ ಬೇಸ್ ಹಿಡಿದಿದ್ದವರು ಗೌರವ್ ವಾಜ್. ರಘು ಅವರ ತಮ್ಮ ವಾಸು ದೀಕ್ಷಿತ್ ಕಟ್ಟಿದ 'ಸ್ವರಾತ್ಮ' ತಂಡದ ಮೊದಲ ಆಲ್ಬಂ 2009ರಲ್ಲಿ ಬಂತು. ಅಲ್ಲಿ ಬೇಸ್ ಜಿಷ್ಣು ದಾಸ್‌ಗುಪ್ತ ಅವರದು. ಜಾನಪದದ ಮಟ್ಟಿಗೆ ರಾಕ್ ಕಟ್ಟುವಾಗ ಬೇಸ್ ವಾದಕನ ಕೆಲಸ ನಾಜೂಕು. ನಮ್ಮ ಪದಗಳು ಒಂದೇ ಷಡ್ಜದ ಮೇಲೆ ನಿಂತವು, ರಾಕ್ ಹಾಡು ನಾಲ್ಕು ಸ್ವರಮೇಳಗಳ ಮೇಲೆ ಓಡಾಡುವಂಥದ್ದು. ಎಲ್ಲಿ ತಂಬೂರಿಯ ಹಾಗೆ ನಿಲ್ಲಬೇಕು, ಎಲ್ಲಿ ಜೇಮರ್ಸನ್ ಹಾಗೆ ನಡೆಯಬೇಕು, ಅದನ್ನು ತೀರ್ಮಾನಿಸುವವರು ಅವರೇ. ತಪ್ಪಿದರೆ ಶರೀಫರ ಪದ ಶರೀಫರದಾಗಿ ಉಳಿಯುವುದಿಲ್ಲ.

ಪುಣೆಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ದೇಶದ ಬ್ಯಾಂಡುಗಳನ್ನು ಒಂದೆಡೆ ಸೇರಿಸಿದ ಎನ್‌ಎಚ್7 ವೀಕೆಂಡರ್ ಉತ್ಸವ 2010ರ ಡಿಸೆಂಬರಿನಲ್ಲಿ ಶುರುವಾದದ್ದು ಇದೇ ಊರಿನಲ್ಲಿ. ಬಯಲಿನ ದೊಡ್ಡ ಸ್ಪೀಕರುಗಳ ಮುಂದೆ ನಿಂತವರಿಗೆ ಬೇಸ್ ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಇಲ್ಲವೇ ಇಲ್ಲ ಎನಿಸುವ ಅದೇ ಸ್ವರ!

ಈಗ ನಿಮ್ಮ ಸರದಿ

ಕಥೆ ಇಷ್ಟೇ ಆದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಿಮ್ಮಿಂದ ಒಂದು ಉಪಕಾರ ಆಗಬೇಕು.

ಗಣೇಶನ ಹಬ್ಬದಲ್ಲಿ ಊರೂರಿಗೆ ಬರುತ್ತಿದ್ದ ಆರ್ಕೆಸ್ಟ್ರಾಗಳು ನೆನಪಿವೆಯೇ? ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರ್ಗಿ, ಸೊಲ್ಲಾಪುರ, ಎಲ್ಲ ಕಡೆ ರಸಮಂಜರಿ. ಮುಂದೆ ಜೂನಿಯರ್ ರಾಜ್‌ಕುಮಾರ್, ಪಕ್ಕದಲ್ಲಿ ಕೀಬೋರ್ಡು, ಹಿಂದೆ ಕತ್ತಲಲ್ಲಿ ಡ್ರಮ್ಮಿನ ಪಕ್ಕ ನಿಂತ ಒಬ್ಬ ಮನುಷ್ಯ, ಕೊರಳಲ್ಲಿ ಉದ್ದ ಕುತ್ತಿಗೆಯ ಗಿಟಾರು. ಅವರಲ್ಲಿ ಎಷ್ಟೋ ಜನ ಹಗಲು ಬೇರೆ ಕೆಲಸ ಮಾಡಿ ರಾತ್ರಿ ನುಡಿಸಿದವರು. ಆಮೇಲೆ ಕೀಬೋರ್ಡ್ ನುಡಿಸುವವನ ಎಡಗೈಯೇ ಬೇಸ್ ಕೆಲಸ ಮಾಡತೊಡಗಿತು, ಟ್ರ್ಯಾಕ್ ಹಾಕಿ ಹಾಡುವುದು ಶುರುವಾಯಿತು, ಆ ಮನುಷ್ಯ ವೇದಿಕೆಯಿಂದ ಇಳಿದ. ಇಳಿದು ಎಲ್ಲಿಗೆ ಹೋದ? ಒಂದಿಬ್ಬರಾದರೂ ಈ ಚಾಕಣ, ಭೋಸರಿ, ಪಿಂಪ್ರಿಯ ಶೆಡ್ಡುಗಳಲ್ಲಿ ನಿಮ್ಮ ಪಕ್ಕದ ಮಷೀನಿನಲ್ಲೇ ಇರಬಹುದು. ಬೆರಳ ತುದಿಯ ಗಂಟು ನೋಡಿ ಕೇಳಿ, ಅದು ಸ್ಪ್ಯಾನರಿನದೋ ತಂತಿಯದೋ ಎಂದು.

ಅಂಥವರು ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಶಿಫ್ಟಿನಲ್ಲಿ ಇದ್ದರೆ ನಮಗೆ ಒಂದು ಕಾಗದ ಹಾಕಿ. ದೊಡ್ಡ ಬರಹ ಬೇಡ. ಯಾವ ಊರು, ಯಾವ ಆರ್ಕೆಸ್ಟ್ರಾ, ಯಾವ ವರ್ಷಗಳು, ಗಿಟಾರು ಎಲ್ಲಿ ಕೊಂಡದ್ದು, ಯಾವ ಹಾಡಿನ ಬೇಸ್ ನುಡಿಸಲು ಖುಷಿಯಾಗುತ್ತಿತ್ತು, ಇಷ್ಟು ಸಾಕು. ಅವರು ಒಪ್ಪಿದರೆ, ಆ ಹಾಡನ್ನು ನಮ್ಮ ಕನ್ನಡ ವೇಳೆಯಲ್ಲಿ ಹಾಕುತ್ತೇವೆ. ಹಾಡುವ ಮೊದಲು ಚಿತ್ರ, ಸಂಗೀತ, ಸಾಹಿತ್ಯ, ಗಾಯಕರು ಎಂದು ಹೇಳುವ ವಾಡಿಕೆ ನಮ್ಮಲ್ಲಿದೆಯಲ್ಲ? ಅದರ ಕೊನೆಗೆ ಇನ್ನೊಂದು ಹೆಸರನ್ನೂ ಓದುತ್ತೇವೆ.

ಹೆಸರು ಹೇಳಲು ನಮಗೆ ಹಿಡಿಯುವುದು ಎರಡು ಸೆಕೆಂಡು. ಅಷ್ಟರಲ್ಲಿ ಕೆಳಗಿನ ಇ ತಂತಿ ಎಂಬತ್ತೆರಡು ಸಲ ಅದುರಿರುತ್ತದೆ. ಕಾಗದಕ್ಕೆ ಕಾಯುತ್ತೇವೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಅಲ್ಲಿಯವರೆಗೆ ಕೇಳುತ್ತಿರಿ, ಸ್ವಲ್ಪ ಕೆಳಗೂ ಕೇಳುತ್ತಿರಿ.